ಎಚ್‌ಐವಿ: ಯಾವ ಸಂಪರ್ಕದಲ್ಲಿ ಎಷ್ಟು ಅಪಾಯ?

ದಾಸೋಹದ ಪಂಕ್ತಿಯಲ್ಲಿ ಎಚ್‌ಐವಿ ಸೋಂಕಿತರ ಪಕ್ಕದಲ್ಲಿ ಕುಳಿತು ಪ್ರಸಾದ ಸ್ವೀಕರಿಸಬಹುದೇ, ಅವರು ಉಂಡ ತಟ್ಟೆಯನ್ನು ತೊಳೆದು ಮತ್ತೊಬ್ಬರಿಗೆ ಕೊಡಬಹುದೇ, ಅವರ ಮಕ್ಕಳೊಡನೆ ನಮ್ಮ ಮಕ್ಕಳು ಆಡಬಹುದೇ ಎಂಬ ಪ್ರಶ್ನೆಗಳು ಇಂದಿಗೂ ಕೇಳಿಬರುತ್ತವೆ. ಭಾರತದಲ್ಲಿ ಈ ಸೋಂಕು ಮೊದಲು ಪತ್ತೆಯಾದದ್ದು 1986ರಲ್ಲಿ. ಅಂದಿನ ಮದರಾಸು ವೈದ್ಯಕೀಯ ಕಾಲೇಜಿನ ಡಾ. ಸುನೀತಿ ಸಾಲೊಮನ್ ಅವರೂ ಅವರ ವಿದ್ಯಾರ್ಥಿನಿ ಡಾ. ಸೆಲ್ಲಪ್ಪನ್ ನಿರ್ಮಲಾ ಅವರೂ ಸಂಗ್ರಹಿಸಿದ ರಕ್ತದ ಮಾದರಿಗಳು ವೆಲ್ಲೂರಿನಲ್ಲಿ ಪರೀಕ್ಷೆಗೊಳಪಟ್ಟು ಸೋಂಕು ಖಚಿತವಾಯಿತು. ಅಂದಿನಿಂದ ನಾಲ್ಕು ದಶಕಗಳೇ ಉರುಳುತ್ತ ಬಂದಿವೆ. ಆದರೂ ನಮ್ಮ ಜನರ ಭಯ ಇರಬೇಕಾದ ಸ್ಥಳದಲ್ಲಿ ಇಲ್ಲ. ತಟ್ಟೆಯ ಬಗ್ಗೆ, ಲೋಟದ ಬಗ್ಗೆ, ಸೊಳ್ಳೆಯ ಬಗ್ಗೆ ಆತಂಕದಿಂದ ಕೇಳುವ ಸದ್ಭಕ್ತರು ಗಂಡುಹೆಣ್ಣಿನ ಕೂಟದ ಬಗ್ಗೆ ಕೇಳಲು ಸಂಕೋಚಪಡುತ್ತಾರೆ. ಸೋಂಕು ಬಹುಪಾಲು ಹರಡುವುದು ಆ ಮಾರ್ಗದಿಂದಲೇ ಆದುದರಿಂದ ಈ ಸಂಚಿಕೆಯಲ್ಲಿ ಅದನ್ನು ಮುಚ್ಚುಮರೆಯಿಲ್ಲದೆ ಬರೆಯುವುದು ಯೋಗ್ಯವೆಂದು ನಾವು ಭಾವಿಸಿದ್ದೇವೆ. ಮಠದ ಪತ್ರಿಕೆಯಲ್ಲಿ ಇಂಥ ಮಾತೇ ಎಂದು ಕೆಲವರು ಹುಬ್ಬೇರಿಸಬಹುದು. ಕಾಯವನ್ನು ಹೀಗಳೆಯದೆ ಅದನ್ನೇ ಸಾಧನೆಯ ನೆಲೆಯೆಂದು ಗೌರವಿಸಿದ ಪರಂಪರೆ ನಮ್ಮದು. ಆ ಕಾಯದ ಒಂದು ಭಾಗವನ್ನು ಮಾತ್ರ ಹೆಸರಿಸಲು ನಾಚುವುದು ಆ ಪರಂಪರೆಗೆ ಹೊಂದುವುದಿಲ್ಲ.

ಪಂಕ್ತಿಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡೋಣ. ಎಚ್‌ಐವಿ ಜೊಲ್ಲಿನಿಂದ, ಬೆವರಿನಿಂದ, ಕಣ್ಣೀರಿನಿಂದ ಹರಡುವುದಿಲ್ಲ. ಜೊತೆಯಲ್ಲಿ ಉಣ್ಣುವುದರಿಂದ, ಒಂದೇ ಲೋಟದಲ್ಲಿ ನೀರು ಕುಡಿಯುವುದರಿಂದ, ಪಾದೋದಕ ಸ್ವೀಕರಿಸುವುದರಿಂದ, ಅಪ್ಪಿಕೊಳ್ಳುವುದರಿಂದ, ಒಂದೇ ಶೌಚಾಲಯ ಬಳಸುವುದರಿಂದ ಯಾರಿಗೂ ಬರುವುದಿಲ್ಲ. ಸೊಳ್ಳೆಯ ದೇಹದಲ್ಲಿ ಈ ವೈರಾಣು ಬೆಳೆಯಲಾರದು; ಕಚ್ಚಿ ಹರಡಲಾರದು. ಶರಣರು ಪಂಚಸೂತಕಗಳನ್ನು ಒಲ್ಲೆವೆಂದು ತಳ್ಳಿಹಾಕಿ ಎಂಟು ಶತಮಾನಗಳಿಗೂ ಮೇಲಾಯಿತು. ಸೋಂಕಿತರಿಗೆಂದು ಆರನೆಯದೊಂದು ಸೂತಕವನ್ನು ನಾವಾಗಿ ಕಲ್ಪಿಸಿಕೊಂಡರೆ ಅದಕ್ಕೆ ವಿಜ್ಞಾನದ ಬೆಂಬಲವೂ ಇಲ್ಲ, ಧರ್ಮದ ಬೆಂಬಲವೂ ಇಲ್ಲ.

ವೈರಾಣು ಹರಡಲು ಬೇಕಾದಷ್ಟು ಪ್ರಮಾಣದಲ್ಲಿ ಇರುವುದು ರಕ್ತ, ವೀರ್ಯ, ವೀರ್ಯಕ್ಕೆ ಮುನ್ನ ಒಸರುವ ದ್ರವ, ಯೋನಿಸ್ರಾವ, ಗುದನಾಳದ ದ್ರವ ಹಾಗೂ ಎದೆಹಾಲಿನಲ್ಲಿ. ಇವುಗಳಲ್ಲಿ ಯಾವುದಾದರೂ ಒಂದು ಇನ್ನೊಬ್ಬರ ಒಳಪೊರೆಯನ್ನೋ ಗಾಯವನ್ನೋ ರಕ್ತವನ್ನೋ ತಲುಪಿದಾಗ ಮಾತ್ರ ಸೋಂಕಿಗೆ ಅವಕಾಶ. ಅವಕಾಶವೆಂದರೆ ಖಚಿತವೆಂದಲ್ಲ. ಒಮ್ಮೆ ತಪ್ಪಿದರೆ ಬದುಕು ಮುಗಿಯಿತು ಎಂದು ನಂಬಿ ಪರೀಕ್ಷೆಗೂ ಹೋಗದೆ ಕುಗ್ಗುವವರಿದ್ದಾರೆ. ಹತ್ತು ಸಲ ಏನೂ ಆಗಲಿಲ್ಲ, ಇನ್ನು ಆಗುವುದಿಲ್ಲ ಎಂದು ಧೈರ್ಯ ತಾಳಿದವರೂ ಇದ್ದಾರೆ. ಈ ಎರಡು ನಂಬಿಕೆಗಳನ್ನೂ ಸರಿಪಡಿಸಬಲ್ಲ ಕೆಲವು ಅಂಕಿಗಳನ್ನು ವೈದ್ಯವಿಜ್ಞಾನ ಲೆಕ್ಕ ಹಾಕಿ ಇಟ್ಟಿದೆ.

ಸಂಗಾತಿಗಳಲ್ಲಿ ಒಬ್ಬರಿಗೆ ಸೋಂಕಿದ್ದು, ಅವರು ಚಿಕಿತ್ಸೆ ಪಡೆಯದೆ, ಕಾಂಡೋಮ್ ಕೂಡ ಬಳಸದೆ 10,000 ಬಾರಿ ಕೂಡಿದರೆ ಸೋಂಕು ಎಷ್ಟು ಬಾರಿ ದಾಟಬಹುದು ಎಂಬುದು ಆ ಲೆಕ್ಕದ ರೀತಿ. ಯೋನಿಸಂಭೋಗದಲ್ಲಿ ಗಂಡಿನಿಂದ ಹೆಣ್ಣಿಗೆ ದಾಟುವುದು ಸುಮಾರು 8 ಬಾರಿ. ಹೆಣ್ಣಿನಿಂದ ಗಂಡಿಗೆ ಸುಮಾರು 4 ಬಾರಿ. ಗುದಸಂಭೋಗದಲ್ಲಿ ಒಳಗೊಳ್ಳುವವರಿಗೆ ಸುಮಾರು 138 ಬಾರಿ. ಒಳಹೊಗಿಸುವವರಿಗೆ ಸುಮಾರು 11 ಬಾರಿ. ಮುಖಮೈಥುನದಲ್ಲಿ ಅಪಾಯ ಸಂಖ್ಯೆಯಲ್ಲಿ ಹಿಡಿಯಲಾಗದಷ್ಟು ಕಡಿಮೆ. ಬಾಯಿಯಲ್ಲಿ ಹುಣ್ಣು, ರಕ್ತ ಒಸರುವ ವಸಡು ಇದ್ದರೆ ಅಷ್ಟರಮಟ್ಟಿಗೆ ಏರುತ್ತದೆ. ಕೈಯಿಂದ ಪರಸ್ಪರ ಮುಟ್ಟುವುದರಲ್ಲಿ, ಚುಂಬನದಲ್ಲಿ ಅಪಾಯವಿಲ್ಲವೆಂದೇ ಹೇಳಬಹುದು. ಹೋಲಿಕೆಗೆಂದು ನೋಡುವುದಾದರೆ, ಮಾದಕ ವಸ್ತುವಿಗಾಗಿ ಒಂದೇ ಸೂಜಿಯನ್ನು ಹಂಚಿಕೊಂಡಾಗ 10,000ಕ್ಕೆ ಸುಮಾರು 63. ಸೋಂಕಿತ ರಕ್ತವನ್ನೇ ದೇಹಕ್ಕೆ ಏರಿಸಿದರೆ 9,250.

ಈ ಅಂಕಿಗಳು ಹೆಚ್ಚಾಗಿ ಸಿರಿವಂತ ದೇಶಗಳ ಅಧ್ಯಯನಗಳಿಂದ ಬಂದವು ಎಂಬುದನ್ನು ಮರೆಯಬಾರದು. ಬಡ ದೇಶಗಳಲ್ಲಿ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ ಗಂಡಿನಿಂದ ಹೆಣ್ಣಿಗೆ ದಾಟುವ ಪ್ರಮಾಣ 10,000ಕ್ಕೆ 30ರ ಆಸುಪಾಸಿಗೆ ಏರಿದೆ. ಚಿಕಿತ್ಸೆಯಾಗದೆ ಉಳಿದ ಇತರ ಗುಹ್ಯರೋಗಗಳು ಇದಕ್ಕೆ ಒಂದು ಕಾರಣ. ಜನನಾಂಗದ ಮೇಲಿನ ಹುಣ್ಣು ವೈರಾಣುವಿಗೆ ತೆರೆದ ಬಾಗಿಲು. ಆ ಹುಣ್ಣನ್ನು ಮಾಯಿಸಲು ಬರುವ ರಕ್ಷಕ ಕೋಶಗಳೇ ಎಚ್‌ಐವಿ ಹುಡುಕುವ ಕೋಶಗಳು. ಆದ್ದರಿಂದ ಬಿಳಿಸೆರಗು, ಹುಣ್ಣು, ಉರಿಮೂತ್ರಗಳನ್ನು ಉಷ್ಣವೆಂದು ಕರೆದು ಎಳನೀರು ಕುಡಿದು ಸುಮ್ಮನಾಗುವುದು ಸರಿಯಲ್ಲ. ಎಳನೀರು ನಮ್ಮ ಸೀಮೆಯ ಹೆಮ್ಮೆ, ನಿಜ. ಮೇಹರೋಗಕ್ಕೆ ಅದು ಮದ್ದಲ್ಲ.

ಗುದಸಂಭೋಗದ ಅಂಕಿ ಯೋನಿಸಂಭೋಗದ್ದಕ್ಕಿಂತ ಹದಿನೇಳು ಪಟ್ಟು ದೊಡ್ಡದು. ಇದಕ್ಕೆ ಕಾರಣ ಪಾಪಪುಣ್ಯವಲ್ಲ, ದೇಹರಚನೆ. ಯೋನಿಯ ಒಳಪೊರೆ ಹೆರಿಗೆಯನ್ನೂ ತಾಳಿಕೊಳ್ಳುವಂತೆ ಹಲವು ಪದರಗಳಾಗಿ ಹೆಣೆದದ್ದು. ಗುದನಾಳದ ಒಳಪೊರೆಯಲ್ಲಿ ಕೋಶಗಳ ಒಂದೇ ಪದರವಿದೆ. ಸ್ವಾಭಾವಿಕ ಜಾರುವಿಕೆ ಇಲ್ಲದ್ದರಿಂದ ಅದು ಸುಲಭವಾಗಿ ಬಿರಿಯುತ್ತದೆ. ಅದರ ಕೆಳಗೇ ವೈರಾಣುವಿಗೆ ಬೇಕಾದ ರೋಗನಿರೋಧಕ ಕೋಶಗಳು ದಟ್ಟವಾಗಿ ನೆರೆದಿವೆ. ಗಂಡಿಗೆ ಸೋಂಕು ತಗಲುವುದು ಬಹುಮಟ್ಟಿಗೆ ಮುಂದೊಗಲಿನ ಒಳಭಾಗದಿಂದ ಹಾಗೂ ಮೂತ್ರದ್ವಾರದಿಂದ. ವೀರ್ಯ ಹೆಣ್ಣಿನ ದೇಹದೊಳಗೆ ಹೆಚ್ಚು ಹೊತ್ತು ಉಳಿಯುತ್ತದೆ, ತಗಲುವ ಒಳಪೊರೆಯ ವಿಸ್ತಾರವೂ ದೊಡ್ಡದು; ಆದ್ದರಿಂದಲೇ ಹೆಣ್ಣಿಗೆ ಗಂಡಿಗಿಂತ ಅಪಾಯ ಹೆಚ್ಚು.

ಗುದಸಂಭೋಗ ನಮ್ಮ ಸೀಮೆಯಲ್ಲಿ ಇಲ್ಲ ಎಂದು ವಾದಿಸುವವರೊಡನೆ ನಾವು ವಾದಕ್ಕೆ ಇಳಿಯುವುದಿಲ್ಲ. ಗಂಡಸರ ನಡುವೆ ಅದು ಎಲ್ಲ ಕಾಲದಲ್ಲೂ ಇದ್ದಿದೆ. ಗಂಡಹೆಂಡಿರ ನಡುವೆಯೂ ಇದೆ. ಕನ್ಯತ್ವ ಕೆಡದು, ಗರ್ಭ ನಿಲ್ಲದು ಎಂಬ ಲೆಕ್ಕದಿಂದ ಯುವಕ ಯುವತಿಯರ ನಡುವೆಯೂ ಇದೆ. ವಯಸ್ಕರು ಪರಸ್ಪರ ಒಪ್ಪಿ ನಡೆಸುವ ಇಂಥ ಸಂಬಂಧ ಅಪರಾಧವಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2018ರ ಸೆಪ್ಟೆಂಬರ್ 6ರಂದು ತೀರ್ಪಿತ್ತಿದೆ. ಆರೋಗ್ಯದ ದೃಷ್ಟಿಯಿಂದ ನಮ್ಮನ್ನು ಕಾಡುವ ಸಂಗತಿ ಬೇರೆ. ಏಡ್ಸ್ ಎಂದರೆ ವೇಶ್ಯೆಯರಿಂದ ಬರುವ ಕಾಯಿಲೆ ಎಂದೇ ಬಹುಕಾಲ ಗೋಡೆಬರಹಗಳು ಸಾರಿದ್ದರಿಂದ, ಹೆಣ್ಣಿಲ್ಲದ ಕಡೆ ಅಪಾಯವಿಲ್ಲ ಎಂದು ಅನೇಕ ಗಂಡಸರು ತಿಳಿದರು. ಲೆಕ್ಕ ಹೇಳುವುದು ಇದಕ್ಕೆ ತದ್ವಿರುದ್ಧ. ಅವರಲ್ಲಿ ಅನೇಕರು ಮನೆಯವರ ಒತ್ತಾಯಕ್ಕೆ ಮದುವೆಯಾದವರು. ಹೊರಗಿನ ಸೋಂಕು ಏನೂ ಅರಿಯದ ಹೆಂಡತಿಯನ್ನೂ ಹೀಗೆ ತಲುಪುತ್ತದೆ. ಮಗನ ಮನಸ್ಸು ಎತ್ತ ಎಂದು ತಿಳಿದೂ ಮದುವೆ ಮಾಡಿದರೆ ಸರಿಹೋದಾನು ಎನ್ನುವ ತಂದೆತಾಯಿಗಳು ಆ ಹೆಣ್ಣುಮಗಳ ಪಾಡನ್ನು ಕ್ಷಣ ಯೋಚಿಸಬೇಕು.

10,000ಕ್ಕೆ 8 ಎಂದಾಗ, ಇಷ್ಟೇ ತಾನೇ ಎನಿಸುವುದು ಸಹಜ. ಒಂದು ಸಲದ ಮಟ್ಟಿಗೆ ಅದು ಸಣ್ಣದೇ. ಆದರೆ ದಾಂಪತ್ಯವೆಂದರೆ ಒಂದು ಸಲವಲ್ಲ. ಸೋಂಕಿನ ಅರಿವಿಲ್ಲದ ಗಂಡ ವರ್ಷದಲ್ಲಿ 100 ಬಾರಿ ಹೆಂಡತಿಯನ್ನು ಕೂಡಿದನೆಂದು ಇಟ್ಟುಕೊಳ್ಳಿ. 8ರ ಲೆಕ್ಕದಲ್ಲೇ ಹಿಡಿದರೂ ಅಂಥ ನೂರು ಹೆಂಡತಿಯರಲ್ಲಿ ಸುಮಾರು ಎಂಟು ಮಂದಿಗೆ ಒಂದೇ ವರ್ಷದಲ್ಲಿ ಸೋಂಕು ತಗಲುತ್ತದೆ. ಹತ್ತು ವರ್ಷಗಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿಗೆ. 30ರ ಲೆಕ್ಕ ಹಿಡಿದರೆ ಒಂದೇ ವರ್ಷದಲ್ಲಿ ನಾಲ್ವರಲ್ಲಿ ಒಬ್ಬಳಿಗೆ. ಅದೇ ನೂರು ಬಾರಿ ಗುದಸಂಭೋಗವಾದರೆ ಒಳಗೊಳ್ಳುವ ನಾಲ್ವರಲ್ಲಿ ಮೂವರಿಗೆ. ಒಂದೊಂದು ಹನಿಯಾಗಿ ತೊಟ್ಟಿಕ್ಕುವ ನೀರು ಕೊಡವನ್ನು ತುಂಬುವ ಬಗೆ ಇದು. ಇನ್ನೂ ಒಂದು ಮಾತಿದೆ. ಸೋಂಕು ತಗಲಿದ ಮೊದಲ ಕೆಲವು ವಾರಗಳಲ್ಲಿ ರಕ್ತದಲ್ಲಿ ವೈರಾಣುಗಳ ಸಂಖ್ಯೆ ಅತಿ ಹೆಚ್ಚಿರುತ್ತದೆ. ಆಗ ಜ್ವರ, ಗಂಟಲುನೋವು, ಮೈಮೇಲೆ ಗಂಧೆ ಎದ್ದು ತಾನಾಗಿ ಇಳಿಯಬಹುದು, ಏನೂ ಕಾಣದೆಯೂ ಇರಬಹುದು. ದಾಟುವ ಸಾಧ್ಯತೆ ಮಾತ್ರ ಆಗಲೇ ಅತ್ಯಧಿಕ. ಹೊರಗಿನಿಂದ ನೋಡಿದರೆ ಗಟ್ಟಿಮುಟ್ಟಾದ ಆಳು. ನಮ್ಮ ದೇಶದ ಸೋಂಕಿತರಲ್ಲಿ ಐದರಲ್ಲಿ ಎರಡು ಪಾಲಿಗೂ ಹೆಚ್ಚು ಮಹಿಳೆಯರಿರುವುದಕ್ಕೆ, ಅವರಲ್ಲಿ ಬಹುಮಂದಿ ತಮ್ಮ ಗಂಡನ ಹೊರತು ಇನ್ನಾರನ್ನೂ ಅರಿಯದವರಾಗಿರುವುದಕ್ಕೆ ಈ ಗಣಿತವೇ ವಿವರಣೆ. ಪಾತಿವ್ರತ್ಯ ಅವರನ್ನು ಕಾಯಲಿಲ್ಲ. ಸೋಂಕು ಬಂದ ಮೇಲೆ ಗಂಡನನ್ನು ಕೊಂದವಳು ಎಂಬ ಮಾತನ್ನೂ ಅವರೇ ಕೇಳಬೇಕಾಯಿತು.

ನಮ್ಮ ಜಿಲ್ಲೆಯ ಮಟ್ಟಿಗೆ ನೋಡೋಣ. ಬೆಂಗಳೂರು ಪುಣೆ ಹೆದ್ದಾರಿ ಹಿರಿಯೂರನ್ನೂ ಚಿತ್ರದುರ್ಗವನ್ನೂ ಹಾದುಹೋಗುತ್ತದೆ. ಹೊಸದುರ್ಗ ಅದರ ಮೇಲಿಲ್ಲ. ಆದರೆ ಹೊಸದುರ್ಗದ ಗಂಡಸರು ಅದರ ಮೇಲಿದ್ದಾರೆ. ಲಾರಿ ಓಡಿಸುವವರು, ಅದಿರು ಸಾಗಿಸುವವರು, ಕೊಬ್ಬರಿ ಅಡಿಕೆಯ ಹೇರಿನೊಡನೆ ಹೋಗುವವರು, ಮಳೆ ಕೈಕೊಟ್ಟ ವರ್ಷ ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ತೆರಳಿ ತಿಂಗಳುಗಟ್ಟಲೆ ಮನೆಯಿಂದ ದೂರ ಉಳಿಯುವವರು. ಅವರೆಲ್ಲ ಕಾಯಕಜೀವಿಗಳು, ಅವರನ್ನು ಅನುಮಾನಿಸಿ ಎಂದು ನಾವು ಹೇಳುತ್ತಿಲ್ಲ. ಮನೆಯಿಂದ ದೂರವಿರುವ ದುಡಿಮೆ ಎಲ್ಲ ದೇಶಗಳಲ್ಲೂ ಈ ಸೋಂಕಿನ ಹಾದಿಯಾಗಿದೆ ಎಂಬುದು ಅನುಭವ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮ ಲಾರಿ ಚಾಲಕರನ್ನೂ ವಲಸೆ ಕಾರ್ಮಿಕರನ್ನೂ ವಿಶೇಷವಾಗಿ ಗಮನಿಸುವುದು ಇದೇ ಕಾರಣಕ್ಕೆ. ಕರ್ನಾಟಕದಲ್ಲಿ ಎರಡೂವರೆ ಲಕ್ಷಕ್ಕಿಂತ ಹೆಚ್ಚು ಮಂದಿ ಸೋಂಕಿನೊಡನೆ ಬದುಕುತ್ತಿದ್ದಾರೆಂದು ಅಂದಾಜು. ರಾಜ್ಯದ ಪ್ರಮಾಣ ದೇಶದ ಸರಾಸರಿಯ ಸುಮಾರು ಇಮ್ಮಡಿ.

ಇನ್ನು ತಡೆಯುವ ಬಗೆ. ಕಾಂಡೋಮನ್ನು ಪ್ರತಿ ಸಲವೂ ಸರಿಯಾಗಿ ಬಳಸಿದರೆ ಅಪಾಯ ಶೇಕಡ 80 ಅಥವಾ ಅದಕ್ಕಿಂತ ಹೆಚ್ಚು ಇಳಿಯುತ್ತದೆ. ನಿರೋಧ್ ಎಂಬ ಹೆಸರಿನಲ್ಲಿ 1968ರಿಂದ ಸರಕಾರವೇ ಅದನ್ನು ಹಂಚುತ್ತಿದೆ. ಸರಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಸಿಗುತ್ತದೆ. ತೆಂಗಿನ ನಾಡಿನವರಿಗೆ ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಜಾರುವಿಕೆಗೆಂದು ಕೊಬ್ಬರಿ ಎಣ್ಣೆ ಹಚ್ಚುವ ರೂಢಿ ಉಂಟು. ಎಣ್ಣೆ, ತುಪ್ಪ, ವ್ಯಾಸಲೀನ್ ಮೊದಲಾದ ಜಿಡ್ಡಿನ ಪದಾರ್ಥಗಳು ಕಾಂಡೋಮಿನ ರಬ್ಬರನ್ನು ಕೆಲವೇ ನಿಮಿಷಗಳಲ್ಲಿ ದುರ್ಬಲಗೊಳಿಸುತ್ತವೆ. ಅದು ಒಡೆದದ್ದು ತಿಳಿಯುವುದೂ ಇಲ್ಲ. ನೀರಿನಲ್ಲಿ ಕರಗುವ ಜೆಲ್ಲಿ ಔಷಧದ ಅಂಗಡಿಯಲ್ಲಿ ದೊರೆಯುತ್ತದೆ, ಅದನ್ನೇ ಬಳಸಬೇಕು. ಗುದಸಂಭೋಗದಲ್ಲಂತೂ ಅದಿಲ್ಲದಿದ್ದರೆ ಒಳಪೊರೆ ಬಿರಿಯುವುದೂ ಕಾಂಡೋಮ್ ಒಡೆಯುವುದೂ ಹೆಚ್ಚು.

ಅಪಾಯದ ಸಂಪರ್ಕ ನಡೆದುಹೋದ ಮೇಲೂ ದಾರಿಯೊಂದಿದೆ. 72 ಗಂಟೆಗಳೊಳಗೆ, ಎಷ್ಟು ಬೇಗನೆ ಆದರೆ ಅಷ್ಟು ಒಳ್ಳೆಯದು, ವೈದ್ಯರನ್ನು ಕಂಡು ತಡೆಮದ್ದನ್ನು ಆರಂಭಿಸಿ 28 ದಿನ ಬಿಡದೆ ಸೇವಿಸಬೇಕು. ಅತ್ಯಾಚಾರಕ್ಕೆ ಒಳಗಾದವರಿಗೆ ಇದು ಸಿಗಲೇಬೇಕಾದ ಚಿಕಿತ್ಸೆ. ಮರ್ಯಾದೆಗೆ ಅಂಜಿ ಮೂರು ದಿನ ಮನೆಯೊಳಗೇ ಚರ್ಚಿಸುತ್ತ ಕುಳಿತರೆ ಆ ಬಾಗಿಲು ಮುಚ್ಚಿಹೋಗುತ್ತದೆ.

ಇವೆಲ್ಲಕ್ಕಿಂತ ದೊಡ್ಡ ಸುದ್ದಿ ಚಿಕಿತ್ಸೆಯದು, ಅದು ನಮ್ಮ ಹಳ್ಳಿಗಳನ್ನು ಇನ್ನೂ ತಲುಪಿಲ್ಲ. ಒಂಬತ್ತು ದೇಶಗಳ 1,763 ದಂಪತಿ ಜೋಡಿಗಳನ್ನು ಒಳಗೊಂಡ ಒಂದು ಅಧ್ಯಯನದ ಫಲಿತಾಂಶ 2011ರಲ್ಲಿ ಹೊರಬಂದಿತು. ನಮ್ಮ ಚೆನ್ನೈ, ಪುಣೆಗಳೂ ಅದರ ಕೇಂದ್ರಗಳಾಗಿದ್ದವು. ಜೋಡಿಯಲ್ಲಿ ಒಬ್ಬರಿಗೆ ಮಾತ್ರ ಸೋಂಕು. ಸೋಂಕಿತರಿಗೆ ತಡಮಾಡದೆ ಔಷಧ ಕೊಟ್ಟ ಗುಂಪಿನಲ್ಲಿ ಸಂಗಾತಿಗೆ ಹರಡುವುದು ಶೇಕಡ 96ರಷ್ಟು ತಗ್ಗಿತು. ಅನಂತರ ಯೂರೋಪಿನಲ್ಲಿ, ಔಷಧದಿಂದ ರಕ್ತದಲ್ಲಿ ವೈರಾಣು ಪತ್ತೆಯಾಗದಷ್ಟು ಇಳಿದಿದ್ದವರ ಜೋಡಿಗಳನ್ನು ವರ್ಷಗಟ್ಟಲೆ ಗಮನಿಸಲಾಯಿತು. 2016ರಲ್ಲಿ ಪ್ರಕಟವಾದ ಲೆಕ್ಕದಂತೆ, ಕಾಂಡೋಮ್ ಇಲ್ಲದೆ ನಡೆದ ಸುಮಾರು 58,000 ಸಂಪರ್ಕಗಳಲ್ಲಿ ಸಂಗಾತಿಯಿಂದ ಸಂಗಾತಿಗೆ ದಾಟಿದ ಒಂದು ಉದಾಹರಣೆಯೂ ಇಲ್ಲ. 2019ರಲ್ಲಿ ಗಂಡಸರ ಜೋಡಿಗಳ ಸುಮಾರು 76,000 ಸಂಪರ್ಕಗಳ ಲೆಕ್ಕ ಬಂದಿತು. ಅತ್ಯಂತ ಅಪಾಯದ್ದೆಂದು ಹೇಳಿದ ಗುದಸಂಭೋಗದಲ್ಲೂ ಸೊನ್ನೆ. ಔಷಧವನ್ನು ತಪ್ಪದೆ ಸೇವಿಸಿ ವೈರಾಣು ಪತ್ತೆಯಾಗದ ಮಟ್ಟದಲ್ಲಿ ಉಳಿದವರಿಂದ ಲೈಂಗಿಕ ಸಂಪರ್ಕದ ಮೂಲಕ ಸೋಂಕು ಹರಡುವುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟ ಮಾತುಗಳಲ್ಲಿ ಸಾರಿದೆ.

138 ಆಗಲಿ 8 ಆಗಲಿ, ಸೊನ್ನೆಗೆ ಇಳಿಯುತ್ತದೆ ಎಂಬುದನ್ನು ಓದುಗರು ಮತ್ತೊಮ್ಮೆ ಓದಿಕೊಳ್ಳಬೇಕೆಂದು ನಮ್ಮ ಬಯಕೆ. ಮೇಲೆ ಕೊಟ್ಟ ಅಂಕಿಗಳೆಲ್ಲ ಚಿಕಿತ್ಸೆಯಿಲ್ಲದ ಸೋಂಕಿನವು. ತನಗೆ ಸೋಂಕಿದೆಯೆಂದು ಬಲ್ಲ, ದಿನವೂ ಮಾತ್ರೆ ನುಂಗುವ, ವರ್ಷಕ್ಕೊಮ್ಮೆ ವೈರಾಣುವಿನ ಎಣಿಕೆ ಮಾಡಿಸಿಕೊಳ್ಳುವ ವ್ಯಕ್ತಿಯಿಂದ ಸಂಗಾತಿಗೆ ಅಪಾಯವಿಲ್ಲ. ಅಪಾಯವಿರುವುದು ಎಂದೂ ಪರೀಕ್ಷೆ ಮಾಡಿಸದ, ತನಗೇನೂ ಇಲ್ಲವೆಂದು ನಂಬಿದ ವ್ಯಕ್ತಿಯಿಂದ. ಹಳ್ಳಿಯಲ್ಲಿ ಜನ ದೂರವಿಡುವುದು ಮೊದಲನೆಯವರನ್ನು. ನಮ್ಮ ದೇಶದಲ್ಲಿ 2004ರ ಏಪ್ರಿಲ್ 1ರಿಂದ ಈ ಔಷಧ ಸರಕಾರದಿಂದ ಉಚಿತವಾಗಿ ದೊರೆಯುತ್ತಿದೆ. 2017ರಿಂದ ಸೋಂಕು ಪತ್ತೆಯಾದ ಕೂಡಲೇ, ರೋಗ ಉಲ್ಬಣಿಸಲೆಂದು ಕಾಯದೆ, ಆರಂಭಿಸಲಾಗುತ್ತದೆ. ಈಗ ಹೆಚ್ಚಿನವರಿಗೆ ದಿನಕ್ಕೆ ಒಂದೇ ಮಾತ್ರೆ. ಮಾತ್ರೆ ಆರಂಭಿಸಿದ ಮರುದಿನವೇ ಅಪಾಯ ಹೋಗದು. ಸಾಮಾನ್ಯವಾಗಿ ಆರು ತಿಂಗಳು ಬೇಕು, ಎಣಿಕೆಯಲ್ಲಿ ಖಚಿತವಾಗುವವರೆಗೆ ಕಾಂಡೋಮ್ ಬೇಕು. ನಡುವೆ ಮಾತ್ರೆ ಬಿಟ್ಟರೆ ವೈರಾಣು ಮತ್ತೆ ಏರುತ್ತದೆ. ಉಪವಾಸ, ವ್ರತ, ಜಾತ್ರೆಯ ನೆಪದಲ್ಲಿ ಮಾತ್ರೆ ನಿಲ್ಲಿಸಕೂಡದು. ಯಾವ ಪೂಜೆಯೂ ಅದನ್ನು ಕೇಳುವುದಿಲ್ಲ. ಯಾರದೋ ಬೇರುನಾರು ಈ ಸೋಂಕನ್ನು ವಾಸಿಮಾಡುತ್ತದೆ ಎಂಬ ಪ್ರಚಾರಕ್ಕೂ ಮರುಳಾಗಬಾರದು.

ತಾಯಿಯಿಂದ ಮಗುವಿಗೆ ದಾಟುವ ಪ್ರಮಾಣವೂ ಹೀಗೆಯೇ. ಚಿಕಿತ್ಸೆಯಿಲ್ಲದಿದ್ದರೆ ನೂರರಲ್ಲಿ 15ರಿಂದ 45 ಮಕ್ಕಳಿಗೆ; ಚಿಕಿತ್ಸೆಯಿದ್ದರೆ 5ಕ್ಕಿಂತ ಕಡಿಮೆ. ಆದ್ದರಿಂದ ಸೋಂಕಿತ ದಂಪತಿಗಳೂ ಆರೋಗ್ಯವಂತ ಮಗುವನ್ನು ಪಡೆಯಬಲ್ಲರು. ಬಸಿರಿಯರಿಗೆ ಆಸ್ಪತ್ರೆಯಲ್ಲಿ ಈ ಪರೀಕ್ಷೆ ಮಾಡುತ್ತಾರೆ. ಅನೇಕ ಮನೆಗಳಲ್ಲಿ ಸೋಂಕು ಮೊದಲು ಬೆಳಕಿಗೆ ಬರುವುದು ಹೆಂಡತಿಯ ಬಸಿರಿನಲ್ಲಿ, ಹೀಗಾಗಿ ತಂದವಳೇ ಅವಳೆಂಬ ಆರೋಪವೂ ಅವಳ ಮೇಲೆ. ಮೊದಲು ಪರೀಕ್ಷೆಯಾದವರು ಮೊದಲು ಸೋಂಕಿತರಾದವರು ಎಂದೇನೂ ಅಲ್ಲ. ಬಸಿರಿ ಹೆಂಡತಿಯೊಡನೆ ಗಂಡನೂ ಅಂದೇ ರಕ್ತ ಕೊಟ್ಟರೆ ಈ ಅನ್ಯಾಯ ಎಷ್ಟೋ ತಗ್ಗೀತು.

ಮಠಗಳಲ್ಲಿ ನಡೆಯುವ ಸಾಮೂಹಿಕ ವಿವಾಹಗಳಿಗೆ ಎಚ್‌ಐವಿ ಪ್ರಮಾಣಪತ್ರವನ್ನು ಕಡ್ಡಾಯ ಮಾಡಬಾರದೇಕೆ ಎಂದು ಕೇಳುವ ಹಿರಿಯರಿದ್ದಾರೆ. ಅವರ ಕಳಕಳಿಯನ್ನು ನಾವು ಗೌರವಿಸುತ್ತೇವೆ, ಸಲಹೆಯನ್ನು ಒಪ್ಪುವುದಿಲ್ಲ. 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದ ಎಚ್‌ಐವಿ ಏಡ್ಸ್ ಕಾಯಿದೆಯಂತೆ, ಪರೀಕ್ಷೆಗೆ ವ್ಯಕ್ತಿಯ ತಿಳಿವಳಿಕೆಯ ಒಪ್ಪಿಗೆ ಬೇಕು, ಫಲಿತಾಂಶ ಗೋಪ್ಯವಾಗಿರಬೇಕು, ಉದ್ಯೋಗ, ಶಾಲೆ, ಬಾಡಿಗೆ ಮನೆ, ಚಿಕಿತ್ಸೆಗಳಲ್ಲಿ ಭೇದ ಮಾಡುವುದು ನಿಷಿದ್ಧ. ಮದುವೆಯ ಹಂದರದಲ್ಲಿ ಪತ್ರ ತೋರಿಸು ಎಂದರೆ ಗೋಪ್ಯವೆಲ್ಲಿ ಉಳಿಯಿತು? ಅಲ್ಲದೆ, ಸೋಂಕು ತಗಲಿ ಪರೀಕ್ಷೆಯಲ್ಲಿ ಕಾಣಿಸಿಕೊಳ್ಳುವವರೆಗೆ ಕೆಲವು ವಾರಗಳು, ಕೆಲವೊಮ್ಮೆ ಮೂರು ತಿಂಗಳು ಹಿಡಿಯುತ್ತದೆ. ಆ ನಡುವಿನ ಪತ್ರ ಸುಳ್ಳು ಧೈರ್ಯ ಕೊಡುತ್ತದೆ. ಪತ್ರ ಮದುವೆಯ ಮರುದಿನದ ನಡತೆಗೂ ಹೊಣೆಯಾಗಲಾರದು. ವಧುವರರಿಬ್ಬರೂ ಮಾತಾಡಿಕೊಂಡು, ಇಬ್ಬರೂ ಒಟ್ಟಿಗೆ ಹೋಗಿ, ತಮ್ಮಿಷ್ಟದಿಂದ ಪರೀಕ್ಷೆ ಮಾಡಿಸಿಕೊಳ್ಳುವುದು ನಮಗೆ ಮೆಚ್ಚುಗೆಯಾದ ದಾರಿ. ಶರಣರು ಒಪ್ಪದ ಜಾತಕ ಕೂಟವನ್ನು ಇಂದಿಗೂ ಗುಟ್ಟಾಗಿ ನೋಡಿಸುವ ಬೀಗರು ರಕ್ತಪರೀಕ್ಷೆಯ ಮಾತೆತ್ತಿದರೆ ಅವಮಾನವಾಯಿತೆನ್ನುವುದು ಸೋಜಿಗವೇ ಸರಿ. ಒಬ್ಬರಿಗೆ ಸೋಂಕಿದೆಯೆಂದು ತಿಳಿದ ಮೇಲೂ, ಇಬ್ಬರೂ ಅರಿತು ಒಪ್ಪಿದರೆ, ಚಿಕಿತ್ಸೆಯ ಬಲದಿಂದ ದಾಂಪತ್ಯ ಸಾಧ್ಯ ಎಂಬುದನ್ನು ಮೇಲಿನ ಸೊನ್ನೆ ಹೇಳುತ್ತದೆ.

ತಾಲ್ಲೂಕು ಆಸ್ಪತ್ರೆಗಳಲ್ಲಿರುವ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರದಲ್ಲಿ ಪರೀಕ್ಷೆ ಉಚಿತ. ಐಸಿಟಿಸಿ ಎಲ್ಲಿದೆ ಎಂದು ವಿಚಾರಿಸಿದರೆ ದಾರಿ ತೋರಿಸುತ್ತಾರೆ. ರಕ್ತ ತೆಗೆಯುವ ಮುನ್ನವೂ ಫಲಿತಾಂಶ ಹೇಳುವಾಗಲೂ ಸಮಾಲೋಚಕರು ಏಕಾಂತದಲ್ಲಿ ಮಾತಾಡುತ್ತಾರೆ. ಒಂದು ಪರೀಕ್ಷೆಯಲ್ಲಿ ಸೋಂಕು ಕಂಡರೆ ಬೇರೆ ಬಗೆಯ ಪರೀಕ್ಷೆಗಳಿಂದ ಖಚಿತಪಡಿಸಿಕೊಂಡ ಬಳಿಕವೇ ಸೋಂಕಿದೆ ಎನ್ನುತ್ತಾರೆ. ಊರಿನವರ ಕಣ್ಣಿಗೆ ಬೀಳುವ ಅಂಜಿಕೆಯಿದ್ದವರು ಹೊಳಲ್ಕೆರೆಗೋ ಹಿರಿಯೂರಿಗೋ ಚಿತ್ರದುರ್ಗಕ್ಕೋ ಹೋಗಬಹುದು, ಯಾವ ಊರಿನವರಿಗೂ ಯಾವ ಕೇಂದ್ರದಲ್ಲೂ ತಡೆಯಿಲ್ಲ. ಹೋಗುವ ಮುನ್ನ ಕೇಳಬೇಕಾದ್ದಿದ್ದರೆ 1097 ಎಂಬ ಉಚಿತ ದೂರವಾಣಿ ಇದೆ, ಹೆಸರು ಹೇಳಬೇಕಾಗಿಲ್ಲ. ಅಪಾಯದ ಸಂಪರ್ಕ ಇತ್ತೀಚಿನದಾದರೆ ಒಮ್ಮೆ ಈಗಲೇ, ಮತ್ತೊಮ್ಮೆ ಮೂರು ತಿಂಗಳ ಬಳಿಕ ಪರೀಕ್ಷಿಸಿಕೊಳ್ಳಬೇಕು. ಈ ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಬರಬೇಕೆಂಬ ನಿಯಮವಿಲ್ಲ. ಬೆಳಗಿನ ಪೂಜೆ, ಪ್ರಸಾದ ಮುಗಿಸಿಕೊಂಡೇ ಹೋಗಬಹುದು.